ಕ್ಯಾಂಪಸ್ಸಿನ ನ್ಯೂಮನ್ ಕೇಂದ್ರ ಧರ್ಮಕೇಂದ್ರವೇ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಗಳು ಭಾನುವಾರ ಸಂಜೆ ಕ್ಯಾಂಪಸ್ಸಿನ ‘ನ್ಯೂಮನ್ ಸೆಂಟರ್’ನಲ್ಲಿ ಬಲಿಪೂಜೆಗೆ (ಮಾಸ್) ಹೋಗುತ್ತಾಳೆ. ಅದು ನಮ್ಮೂರಿನ ಧರ್ಮಕೇಂದ್ರದಂತೆಯೇ (ಪ್ಯಾರಿಷ್)?
– ಓದುಗರೊಬ್ಬರು, ಮಂಗಳೂರು

ಉತ್ತರ: ಕೆಲವೆಡೆ ಹೌದು, ಕೆಲವೆಡೆ ಅಲ್ಲ. 1893ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಥೋಲಿಕ ವಿದ್ಯಾರ್ಥಿಗಳು 19ನೆಯ ಶತಮಾನದ ಇಂಗ್ಲಿಷ್ ಕಥೋಲಿಕ ಚಿಂತಕ ಕಾರ್ಡಿನಲ್ ನ್ಯೂಮನ್ ಅವರ ಹೆಸರಿನಲ್ಲಿ ಕಟ್ಟಿಕೊಂಡ ಕೂಟದಿಂದ ಈ ಕೇಂದ್ರಗಳ ಪರಂಪರೆ ಬೆಳೆಯಿತು. ವಿದ್ಯಾರ್ಥಿಗಳ ಆಧ್ಯಾತ್ಮಿಕ ಪಾಲನೆಗಾಗಿ ಧರ್ಮಾಧ್ಯಕ್ಷರು (ಬಿಷಪ್) ಪ್ರತ್ಯೇಕ ಧರ್ಮಕೇಂದ್ರವನ್ನೇ ಸ್ಥಾಪಿಸಬೇಕು, ಇಲ್ಲವೇ ಕಾಯಂ ಆಗಿ ಗುರುಗಳನ್ನಾದರೂ (ಪಾದ್ರಿಗಳು) ನೇಮಿಸಬೇಕು ಎಂಬುದು 1983ರ ಧರ್ಮಸಭಾ ಕಾನೂನು ಸಂಹಿತೆಯ 813ನೆಯ ವಿಧಿಯ ಆಶಯ. ಧರ್ಮಕೇಂದ್ರವೆನಿಸಿದಲ್ಲಿ ಜ್ಞಾನಸ್ನಾನ, ಮದುವೆಗಳ ದಾಖಲೆ ಪುಸ್ತಕಗಳು ಅಲ್ಲಿಯೇ ಇರುತ್ತವೆ. ಗುರುಗಳನ್ನಷ್ಟೇ ನೇಮಿಸಿದ ಬರಿಯ ಸೇವಾಕೇಂದ್ರವಾದರೆ ಅವು ಸಾಮಾನ್ಯವಾಗಿ ಹತ್ತಿರದ ಧರ್ಮಕೇಂದ್ರದಲ್ಲಿ ದಾಖಲಾಗುತ್ತವೆ. ಪೂಜೆಯ ಬಳಿಕ ಹಲವು ಕಡೆ ಉಚಿತ ಊಟವೂ ಉಂಟು (ಹಾಸ್ಟೆಲಿನ ಮಕ್ಕಳಿಗೆ ಪ್ರವಚನಕ್ಕಿಂತ ಅದೇ ಹೆಚ್ಚು ನೆನಪಿದ್ದರೆ ತಪ್ಪೇನಿಲ್ಲ). ಮಗಳು ಅಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ.