ಟೈಮ್ ನೋಡಿಕೊಂಡು ಕಥೆ ಬರೆಯಬಹುದಾ?

ಹಾಸನದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಪತ್ರ ಬರೆದಿದ್ದಾರೆ. ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳು ಏಳುವುದರೊಳಗೆ ಒಂದು ಗಂಟೆ ಕಥೆ ಬರೆಯುತ್ತಾರಂತೆ. ‘ಸ್ಫೂರ್ತಿ ಬಂದಾಗ ಬರೆಯಬೇಕು ಕಣೇ. ಹೀಗೆ ಟೈಮ್ ನೋಡಿಕೊಂಡು ಬರೆದರೆ ಅದು ಗುಮಾಸ್ತಿಕೆ’ ಎಂದು ಗೆಳತಿ ನಕ್ಕರಂತೆ. ನಿಜವಾ ಸರ್ ಎಂದು ಕೇಳಿದ್ದಾರೆ.

ಮೇಡಂ, ನಮ್ಮ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ಆದರೆ ಗೆಳತಿಯ ಮಾತಿಗೆ ಸರಿಯಾದ ಉತ್ತರ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್. ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ನೌಕರಿ. 1852ರಲ್ಲಿ ಫ್ರಾನ್ಸ್ ಕರಾವಳಿಯ ಹತ್ತಿರದ ಚಾನಲ್ ದ್ವೀಪಗಳ ಬೀದಿಗೆ ಅಂಚೆ ಡಬ್ಬಿ ಬಂದದ್ದು ಇವನ ಸಲಹೆಯಿಂದಲೇ.

ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಹಾಜರ್. ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಹಳೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ. ಮೊದಲ ಅರ್ಧ ಗಂಟೆ ಹಿಂದೆ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ವಾರಕ್ಕೆ ಎಷ್ಟು ಪುಟ ಆಯಿತು ಅನ್ನುವುದಕ್ಕೂ ಡೈರಿ. ರೈಲಿನಲ್ಲೂ ಬರೆಯುತ್ತಿದ್ದ. ಒಂದು ಕಾದಂಬರಿ ಮುಗಿದ ಮಾರನೇ ದಿನವೇ ಇನ್ನೊಂದನ್ನು ಶುರು ಮಾಡಿದ್ದೂ ಉಂಟು. ಚಪ್ಪಲಿ ಹೊಲಿಯುವವನು ಒಂದು ಜೊತೆ ಮುಗಿಸಿ ಅದನ್ನೇ ನೋಡುತ್ತಾ ಕೂರುತ್ತಾನಾ ಅನ್ನುವುದು ಅವನ ವಾದ. ಹೀಗೆ ಬರೆದ ಕಾದಂಬರಿಗಳು 47.

ಅವನು ತೀರಿಕೊಂಡದ್ದು 1882ರಲ್ಲಿ. ಮರುವರ್ಷ ಆತ್ಮಕಥೆ ಹೊರಬಂತು. ಗಡಿಯಾರದ ವಿಷಯ, ಯಾವ ಪುಸ್ತಕಕ್ಕೆ ಎಷ್ಟು ದುಡ್ಡು ಬಂತು ಅನ್ನುವ ಲೆಕ್ಕ, ಎಲ್ಲ ಅದರಲ್ಲಿತ್ತು. ಎಷ್ಟೋ ವಿಮರ್ಶಕರು ಮುಖ ಸಿಂಡರಿಸಿದರು, ಅವನ ಹೆಸರಿಗೆ ಪೆಟ್ಟೇ ಬಿತ್ತು. ಪುಸ್ತಕಗಳು ಅವೇ, ಒಂದಕ್ಷರ ಬದಲಾಗಿರಲಿಲ್ಲ! ಕಷ್ಟಪಟ್ಟು ಮಾಡಿದ್ದನ್ನು ಮೆಚ್ಚುತ್ತೇವೆ ಅಂತೀವಿ. ಆದರೆ ಆ ಕಷ್ಟದ ಲೆಕ್ಕ ಯಾರಾದರೂ ಬಿಡಿಸಿ ಹೇಳಿದರೆ ನಮಗೆ ಇರಿಸುಮುರಿಸು. ನಿಮ್ಮ ಗೆಳತಿ ನಕ್ಕದ್ದೂ ಇದಕ್ಕೇ. ಅವರಿಗೆ ಕಥೆ ಕೊಡಿ, ಅಲಾರಂ ಸುದ್ದಿ ಬೇಡ.

ಹಾಗಂತ ದಿನಾ ಬರೆಯಲು ಕೂತರಷ್ಟೇ ಸಾಲದು, ಮುಗಿಸಲೂಬೇಕು. ಟ್ರಾಲಪ್‌ನ ಅಪ್ಪನಿಗೂ ಹಠ ಇತ್ತು. ಚರ್ಚಿಗೆ ಸಂಬಂಧಪಟ್ಟ ಒಂದು ವಿಶ್ವಕೋಶಕ್ಕೆ ಕೈ ಹಾಕಿ, ಪೆನ್ನು ಹಿಡಿಯಲು ಆಗುವವರೆಗೂ ಬರೆದ. 1835ರಲ್ಲಿ ಸತ್ತಾಗಲೂ ಅದು ಮುಗಿದಿರಲಿಲ್ಲ. ಅದೇ ಮನೆಯಲ್ಲಿ ಅಮ್ಮ, ಫ್ರಾನ್ಸಿಸ್. ಮೊದಲ ಪುಸ್ತಕ ಬಂದಾಗ ಅವಳಿಗೆ ಐವತ್ತು ದಾಟಿತ್ತು. ಸಾಲಕ್ಕೆ ಹೆದರಿ ಬೆಲ್ಜಿಯಮಿನ ಬ್ರೂಜ್ ಊರಿಗೆ ಓಡಿಬಂದ ಕುಟುಂಬ. ಒಂದು ಕಡೆ ಕಾಯಿಲೆಯ ಗಂಡ, ಇನ್ನೊಂದು ಕಡೆ ಕ್ಷಯ ಹಿಡಿದ ಮಗ. ಅವಳ ಕೋಣೆಯಲ್ಲಿ ಔಷಧಿ ಸೀಸೆಗೂ ಮಸಿ ಕುಡಿಕೆಗೂ ಸಮಪಾಲು. ರೋಗಿಗಳ ಆರೈಕೆ ಮಾಡುತ್ತಲೇ ಒಂದಾದಮೇಲೊಂದು ಕಾದಂಬರಿ ಮುಗಿಸಿದಳು. ಮುಗಿಸದಿದ್ದರೆ ಮನೆ ನಡೆಯುತ್ತಿರಲಿಲ್ಲ. ಬೇಗ ಏಳುವುದಕ್ಕಿಂತ ಮುಗಿಸಿ ಕೈಬಿಡುವುದು ಕಷ್ಟ ಅಂತ ನನಗನ್ನಿಸುತ್ತದೆ. ಮತ್ತೆ, ಮುಗಿಸಿದ್ದೆಲ್ಲ ಚೆನ್ನಾಗಿರುತ್ತದೆ ಅಂತಲೂ ಅಲ್ಲ. ಮಗನ ಆ 47ರಲ್ಲೂ ಜೊಳ್ಳು ಇದೆ.

ಪತ್ರದ ಜೊತೆ ಕಳಿಸಿದ ಕಥೆ ಓದಿದೆ. ಅತ್ತೆ ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ಜಾಗ ಬಹಳ ಚೆನ್ನಾಗಿದೆ. ಕಥೆ ಶುರುವಾಗುವುದೇ ಅಲ್ಲಿ. ಅದಕ್ಕೆ ಮುಂಚಿನ ಎರಡು ಪುಟ ಮಳೆ ತೆಗೆದುಬಿಡಿ. ಕೊನೆಯ ಪುಟ ಅವಸರದ್ದು, ಮಕ್ಕಳು ಎದ್ದರೇನೋ. ಅದಕ್ಕೆ ಇನ್ನೊಂದೆರಡು ಬೆಳಿಗ್ಗೆ ಕೊಡಿ. ತಿದ್ದಿ ಕಳಿಸಿ, ಓದುತ್ತೇನೆ.

– ಸಂಪಾದಕ