ಅಕ್ಷರದ ಹೆಸರು ಗೊತ್ತು, ಪದ ಓದಲು ಬಾರದು

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮ ಶಾಲೆ. ಮಕ್ಕಳ ಮನೆಮಾತು ತುಳು, ಮಲಯಾಳ, ಕನ್ನಡ. ಎರಡನೇ ತರಗತಿಯವರು ‘ಸಿ ಎ ಟಿ ಕ್ಯಾಟ್’ ಎಂದು ಬಾಯಿಪಾಠ ಒಪ್ಪಿಸುತ್ತಾರೆ, ಹೊಸ ಪದ ಕೊಟ್ಟರೆ ತಡವರಿಸುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಕುಂಬಳೆ

ಉತ್ತರ: ಮಕ್ಕಳದ್ದು ತಪ್ಪಿಲ್ಲ ಟೀಚರೇ. ಕನ್ನಡದಲ್ಲಿ ‘ಕ’ ಎಂಬುದು ಅಕ್ಷರದ ಹೆಸರೂ ಹೌದು, ಉಚ್ಚಾರವೂ ಹೌದು. ಇಂಗ್ಲಿಷಿನ ‘ಸಿ, ಎ, ಟಿ’ಯನ್ನು ಎಷ್ಟು ಬೇಗ ಹೇಳಿದರೂ ‘ಕ್ಯಾಟ್’ ಆಗದು. ಸದ್ಯಕ್ಕೆ ಹೆಸರು ಬದಿಗಿಟ್ಟು ಧ್ವನಿ ಕಲಿಸಿ.

ಶುರುವಿಗೆ ಎಸ್, ಎ, ಟಿ, ಪಿ, ಐ, ಎನ್ ಸಾಕು. ಈ ಆರರಿಂದಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್ ಎಲ್ಲ ಸಿಗುತ್ತವೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳನ್ನು ದೊಡ್ಡದಾಗಿ ಬರೆದು ಕತ್ತರಿಸಿ, ದಿನಕ್ಕೆ 10 ನಿಮಿಷ ಜೋಡಿಸಿ ಓದಿಸಿ. ಪದದ ಅರ್ಥ ಮೊದಲೇ ಗೊತ್ತಿರಲಿ; ಅದನ್ನು ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೂ ಒಪ್ಪಿಕೊಳ್ಳಿ.

ಹೆಚ್ಚಿನವರು ಎಡವುವುದು ಒಂದೇ ಕಡೆ: ‘ಟ್’ ಅನ್ನಬೇಕಾದಲ್ಲಿ ‘ಟ’ ಅನ್ನುತ್ತಾರೆ. ಆಗ ‘ಸ-ಆ್ಯ-ಟ’ ಆಗುತ್ತದೆ, ಪದ ಕೂಡುವುದೇ ಇಲ್ಲ. ಅರ್ಧಾಕ್ಷರ ನಮ್ಮ ಮಕ್ಕಳಿಗೆ ಗೊತ್ತಿದೆ, ಬೋರ್ಡಿನಲ್ಲಿ ‘ಸ್’, ‘ಟ್’ ಬರೆದು ತೋರಿಸಿ. ‘ಟ್ಯಾಪ್’ ಎಂದ ಮೇಲೆ ತುಟಿ ಮುಚ್ಚಿಯೇ ಇರಲಿ. ತೆರೆದರೆ ‘ಟ್ಯಾಪು’ ಬಂದೇಬಿಡುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ಬರೆಸಲೇಬೇಡಿ. ಕಣ್ಣು ಕನ್ನಡವನ್ನಷ್ಟೇ ಓದುತ್ತದೆ.

ಮುಂದೆ ಬಿ, ಡಿ ಎರಡನ್ನೂ ಒಂದೇ ವಾರ ತರಬೇಡಿ. ಸಣ್ಣ ಅಕ್ಷರದಲ್ಲಿ ಹೊಟ್ಟೆ ಯಾವ ಕಡೆಗೆಂದು ಗಲಿಬಿಲಿಯಾಗುತ್ತದೆ.