ನಲವತ್ತೇಳಕ್ಕೆ ಮ್ಯಾಟ್ ಹತ್ತಬಹುದಾ?

ಪ್ರಶ್ನೆ: ಚಿಕ್ಕವನಿದ್ದಾಗ ಮೈಸೂರಿನಲ್ಲಿ ನಮ್ಮ ಬೀದಿಯ ಗರಡಿ ಮನೆಗೆ ಇಣುಕಿ ನೋಡುತ್ತಿದ್ದೆ. ಒಳಗೆ ಸೇರಲು ಅಪ್ಪ ಬಿಡಲಿಲ್ಲ. ಈಗ 47, ಬೆಂಗಳೂರಿನಲ್ಲಿ ದಿನವಿಡೀ ಕುರ್ಚಿ ಕೆಲಸ. ಮನೆ ಹತ್ತಿರ ಜಿಯು-ಜಿಟ್ಸು ಅನ್ನೋ ಕುಸ್ತಿ ಥರದ ಆಟದ ಕ್ಲಾಸ್ ಶುರುವಾಗಿದೆ. ಹೋಗೋರೆಲ್ಲ ನನ್ನ ಮಗನ ವಯಸ್ಸಿನವರು. ‘ಕೈಕಾಲು ಮುರ್ಕೊಂಡು ಬಂದ್ರೆ ನಾನು ನೋಡ್ಕೊಳ್ಳಲ್ಲ’ ಅಂತಾಳೆ ಹೆಂಡತಿ. ಸೇರಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸೇರಿ. ಆದರೆ ಗರಡಿಯಲ್ಲಿ ನೋಡಿದ್ದನ್ನು ಸ್ವಲ್ಪ ಮರೀಬೇಕು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಚಿತ್, ಮುಗೀತು. ಇಲ್ಲಿ ಎಷ್ಟೋ ಸಲ ಆಟ ಶುರುವಾಗೋದೇ ಅಲ್ಲಿಂದ. ಬೆನ್ನ ಮೇಲೆ ಮಲಗಿ, ಎದುರಾಳಿಯ ಸೊಂಟವನ್ನು ಎರಡೂ ಕಾಲಲ್ಲಿ ಸುತ್ತಿ ಹಿಡಿದು, ಕೆಳಗಿನಿಂದಲೇ ಅವನ ಕೈಗೋ ಕತ್ತಿಗೋ ಪಟ್ಟು ಹಾಕುತ್ತೀರಿ. ಇದಕ್ಕೆ ಗಾರ್ಡ್ ಅಂತಾರೆ. ಪಟ್ಟು ಬಿದ್ದವನು ಕೈಯಲ್ಲಿ ತಟ್ಟಿದ ಕೂಡಲೇ ಬಿಡಬೇಕು. ಅದು ಟ್ಯಾಪ್. ನಮ್ಮ ವಯಸ್ಸಿನವರಿಗೆ ಮಂಡಿ ನೋವಿಗಿಂತ ಈ ತಟ್ಟೋದೇ ಕಷ್ಟ.

ನಾನು ಶುರು ಮಾಡಿದ್ದು 44ಕ್ಕೆ. ಎರಡನೇ ವಾರ, ನನಗಿಂತ ಇಪ್ಪತ್ತು ಕೆಜಿ ಕಮ್ಮಿ ಇದ್ದ ಕಾಲೇಜು ಹುಡುಗಿಯೊಬ್ಬಳು ನನ್ನ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ನಿಧಾನಕ್ಕೆ ಸೊಂಟ ಎತ್ತಿದಳು. ಆರ್ಮ್‌ಬಾರ್. ‘ಅಂಕಲ್, ಟ್ಯಾಪ್ ಮಾಡಿ’ ಅಂದಳು. ಆ ಅಂಕಲ್‌ಗೇ ನನಗೆ ಉರಿದಿದ್ದು. ಕೈ ಎಳೆದುಕೊಳ್ಳಲು ಹೋದೆ. ಮೊಣಕೈಯೊಳಗೆ ನೆಟಿಕೆ ಮುರಿದ ಹಾಗೆ ಸಣ್ಣ ಸದ್ದು. ಆಮೇಲೆ ಮೂರು ವಾರ ಸ್ನಾನದ ಚೊಂಬನ್ನು ಎಡಗೈಯಲ್ಲೇ ಎತ್ತಿದೆ.

ಕೈ ತಿರುಚಿದರೆ ನೋವಾದರೂ ಎಚ್ಚರಿಸುತ್ತೆ. ಕತ್ತಿನ ಎರಡೂ ಕಡೆ ರಕ್ತನಾಳ ಒತ್ತುವ ಪಟ್ಟು ಸರಿಯಾಗಿ ಬಿದ್ದರೆ ಹೆಚ್ಚು ನೋವೇ ಇಲ್ಲದೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಹೀಲ್ ಹುಕ್ ಅನ್ನೋ ಕಾಲಿನ ಪಟ್ಟು ಇನ್ನೂ ಮೋಸದ್ದು: ಹಿಡಿಯೋದು ಹಿಮ್ಮಡಿ, ಹರಿಯೋದು ಮಂಡಿಯ ಲಿಗಮೆಂಟ್, ನೋವು ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತೆ. ಹೊಸಬರಿಗೆ ಅದು ಬೇಡವೇ ಬೇಡ.

ವಾರಕ್ಕೆ ಎರಡು ದಿನ ಸಾಕು. ನಿಂತು ಎತ್ತಿ ಬೀಳಿಸೋ ಆಟ ಆರು ತಿಂಗಳು ಬಿಡಿ, ಮಂಡಿಯೂರಿ ಶುರು ಮಾಡಿ, ಕೋಚ್‌ಗೆ ಮೊದಲೇ ಹೇಳಿ. ಶುರುವಿನಲ್ಲಿ ಸೀಗಡಿ ಥರ ಮೈ ಮುದುರಿ ಸೊಂಟ ಹಿಂದಕ್ಕೆ ತಳ್ಳುತ್ತಾ ಮ್ಯಾಟ್ ಪೂರ್ತಿ ಹೋಗಿಸ್ತಾರೆ. ನೋಡೋಕೆ ತಮಾಷೆಯಾಗಿರುತ್ತೆ, ಆದರೆ ದಪ್ಪ ಮನುಷ್ಯ ಮೇಲೆ ಕೂತಾಗ ನಿಮ್ಮನ್ನು ಉಳಿಸೋದು ಅದೇ. ಇನ್ನೊಂದು, ಮೊನ್ನೆ ತಾನೇ ಸೇರಿದ, ಜೋರು ಮಾಡೋ 22ರ ಹುಡುಗನ ಜೊತೆ ಆಡಬೇಡಿ. ವರ್ಷಗಟ್ಟಲೆ ಕಲಿತ ಬ್ರೌನ್ ಬೆಲ್ಟ್‌ನವರನ್ನು ಹುಡುಕಿ, ಅವರಿಗೆ ಎಷ್ಟು ಒತ್ತಬೇಕು ಅಂತ ಗೊತ್ತಿರುತ್ತೆ. ಬಿಪಿ, ಕತ್ತಿನ ಡಿಸ್ಕ್ ತೊಂದರೆ ಇದ್ದರೆ ಮೊದಲು ಡಾಕ್ಟರ್, ಆಮೇಲೆ ಫೀಸು.

ಮಗನ ವಯಸ್ಸಿನವರು ಅಂತೀರಿ. ಸ್ಪರ್ಧೆಗಳಲ್ಲಿ 30 ದಾಟಿದವರಿಗೆ ಮಾಸ್ಟರ್ ವರ್ಗಗಳೇ ಬೇರೆ ಇವೆ. ಟಿವಿಯಲ್ಲಿ ಊರೂರು ತಿರುಗಿ ಊಟ ತೋರಿಸುತ್ತಿದ್ದ ಆಂಥನಿ ಬೋರ್ಡೇನ್ ಐವತ್ತೆಂಟರ ಸುಮಾರಿಗೆ ಕಲಿಯಲು ಶುರು ಮಾಡಿ, 2016ರಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನ ವಯಸ್ಸಿನವರ ಬ್ಲೂ ಬೆಲ್ಟ್ (ಬಿಳಿ ಬೆಲ್ಟ್ ನಂತರದ ಹಂತ) ವರ್ಗದಲ್ಲಿ ಚಿನ್ನ ಗೆದ್ದರು. ಅದನ್ನು ಹೆಂಡತಿಗೆ ಹೇಳಿ. ನನ್ನ ಚೊಂಬಿನ ಕಥೆ ಬೇಡ.

ಪ್ರಶ್ನೆ: ನನಗೆ 52. ಮಗಳ ಜೊತೆ ಗ್ರಾಪ್ಲಿಂಗ್ (ಹಿಡಿದು ಸೆಣಸೋ ಆಟ) ಕ್ಲಾಸಿಗೆ ಹೋಗ್ತಿದ್ದೇನೆ. ಕಿವಿ ಹೂಕೋಸಿನ ಥರ ಆಗುತ್ತೆ ಅಂತಾರಲ್ಲ, ನಿಜನಾ?
– ಓದುಗರು, ಧಾರವಾಡ

ಉತ್ತರ: ಆಗಬಹುದು, ಎಲ್ಲರಿಗೂ ಆಗಲ್ಲ. ಉಜ್ಜಿ ಉಜ್ಜಿ ಹೊರಕಿವಿಯ ಚರ್ಮದಡಿ ರಕ್ತ ಕಟ್ಟುತ್ತೆ, ಹಾಗೇ ಬಿಟ್ಟರೆ ಗಟ್ಟಿಯಾಗುತ್ತೆ. ಊದಿಕೊಂಡರೆ ಮರುದಿನವೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ರಕ್ತ ತೆಗೆದು ಒತ್ತಿ ಪಟ್ಟಿ ಕಟ್ಟುತ್ತಾರೆ. ಇಯರ್‌ಗಾರ್ಡ್ ಹಾಕಿಕೊಂಡರೆ ಇನ್ನೂ ಒಳ್ಳೇದು. ಓಲೆ, ಮೂಗುತಿ, ಬಳೆ, ಮಾಂಗಲ್ಯ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಉಗುರು ಕತ್ತರಿಸಿ, ಕಾಲಿಂದೂ. ಮಗಳದ್ದೂ ಒಂದ್ಸಲ ನೋಡಿ.